ವಾರಕ್ಕೊಂದು ಹಾಳೆಯ ಇತಿಹಾಸ ಕ್ಯಾಲೆಂಡರ್: ಏಪ್ರಿಲ್ 19ರಿಂದ 25ರ ಹಾಳೆಯನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಗೌರಿಬಿದನೂರು ಮತ್ತು ಚಿಕ್ಕಬಳ್ಳಾಪುರದ ಸ್ಟೇಷನರಿ ಅಂಗಡಿಗಳಲ್ಲಿ ತೂಗುಹಾಕಿರುವ 2026ರ ಕ್ಯಾಲೆಂಡರ್‌ಗಳ ಸಾಲಿಗೆ ಈ ಬಾರಿ ಹೊಸದೊಂದು ಸೇರಿದೆ. ನಮ್ಮ ಭಾಗದ ಸಣ್ಣ ಮುದ್ರಣಾಲಯವೊಂದು ಹೊರತಂದಿರುವ ಈ ಗೋಡೆ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಹಾಳೆಯ ಬದಲು ವಾರಕ್ಕೊಂದು ಹಾಳೆ ಇದೆ. ಪ್ರತಿ ಹಾಳೆಯಲ್ಲಿ ಭಾನುವಾರದಿಂದ ಶನಿವಾರದವರೆಗೆ ಏಳು ಚೌಕಗಳಿದ್ದು, ಒಂದೊಂದು ಚೌಕದಲ್ಲಿಯೂ ಆ ದಿನ ನಡೆದ ಐತಿಹಾಸಿಕ ಘಟನೆಗಳನ್ನು ಎರಡರಿಂದ ಹತ್ತು ಸಾಲಿನವರೆಗೆ ಬರೆಯಲಾಗಿದೆ. ಕೆಳಗೆ ತಿಥಿ, ನಕ್ಷತ್ರ, ರಾಹುಕಾಲಗಳ ಸಾಲು. ಪಕ್ಕದಲ್ಲಿ ಹಾಲಿನ ಲೆಕ್ಕ ಬರೆದುಕೊಳ್ಳಲು ಗೆರೆ ಎಳೆದ ಜಾಗ. ಬೆಲೆ 240 ರೂಪಾಯಿ. ತಿಂಗಳ ಹಾಳೆಯ ಸಾಮಾನ್ಯ ಕ್ಯಾಲೆಂಡರ್ ಇದರ ಕಾಲು ಭಾಗದ ಬೆಲೆಗೆ ಸಿಗುತ್ತದೆ, ಬ್ಯಾಂಕುಗಳಲ್ಲಿಯೂ ಚಿನ್ನದಂಗಡಿಗಳಲ್ಲಿಯೂ ಪುಕ್ಕಟೆಯಾಗಿಯೇ ಸಿಗುತ್ತದೆ. ಆದ್ದರಿಂದ ಹೆಚ್ಚಿನ ಹಣಕ್ಕೆ ಸಲ್ಲುವ ಸರಕು ಈ ಚೌಕಗಳಲ್ಲಿದೆಯೇ ಎಂಬುದೇ ನೋಡಬೇಕಾದ ವಿಷಯ.

ಇಡೀ ಕ್ಯಾಲೆಂಡರನ್ನು ಮೇಲೆ ಮೇಲೆ ನೋಡಿ ಅಭಿಪ್ರಾಯ ಹೇಳುವುದಕ್ಕಿಂತ ಒಂದೇ ಒಂದು ವಾರದ ಹಾಳೆಯನ್ನು ಸಾಲು ಸಾಲಾಗಿ ಓದುವುದು ಮೇಲೆಂದು ನನಗೆ ಅನಿಸಿತು. ಅದಕ್ಕಾಗಿ ಏಪ್ರಿಲ್ 19ರಿಂದ 25ರ ವಾರವನ್ನು ಆರಿಸಿಕೊಂಡಿದ್ದೇನೆ. ಕಾರಣ ಎರಡು. ಆ ವಾರದ ಕೊನೆಯ ದಿನ, ಏಪ್ರಿಲ್ 25, 1938ರಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಹೋದವರ ಮೇಲೆ ಗುಂಡು ಹಾರಿದ ದಿನ; ಗೌರಿಬಿದನೂರು ತಾಲ್ಲೂಕಿನವರು ಇತಿಹಾಸದ ಕ್ಯಾಲೆಂಡರೊಂದನ್ನು ಕೈಗೆತ್ತಿಕೊಂಡರೆ ಮೊದಲು ಹುಡುಕುವ ಚೌಕ ಅದೇ. ಎರಡನೆಯದು, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ವರ್ಷ ವರ್ಷವೂ ಎದುರಾಗುವ ಕೊರತೆ. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಸರದಿಯ ಮೇಲೆ ದಿನದ ವಿಶೇಷವನ್ನು ಓದಿ ಹೇಳುತ್ತಾರೆ. ಆದರೆ ಏಪ್ರಿಲ್ ಎರಡನೇ ವಾರದಲ್ಲಿಯೇ ಬೇಸಿಗೆ ರಜೆ ಆರಂಭವಾಗುವುದರಿಂದ ಈ ಏಳು ದಿನಗಳಲ್ಲಿ ಒಂದೂ ಪ್ರಾರ್ಥನೆಯ ಸಾಲಿಗೆ ಬರುವುದಿಲ್ಲ. ನಮ್ಮದೇ ತಾಲ್ಲೂಕಿನ ಮಣ್ಣಿನಲ್ಲಿ ನಡೆದ ಅತಿ ದೊಡ್ಡ ಘಟನೆಯ ದಿನಾಂಕ ನಮ್ಮದೇ ಮಕ್ಕಳ ಬಾಯಲ್ಲಿ ಆ ದಿನ ಬರುವುದಿಲ್ಲ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಆ ಕೆಲಸವನ್ನು ಮಾಡಬಲ್ಲದು, ಆದ್ದರಿಂದಲೇ ಅದು ಚೆನ್ನಾಗಿರಬೇಕೆಂಬ ಆಸೆ.

ಹಾಳೆ ಆರಂಭವಾಗುವುದು ಒಳ್ಳೆಯ ಚೌಕದಿಂದಲೇ. ಏಪ್ರಿಲ್ 19ಕ್ಕೆ 1975ರ ಆರ್ಯಭಟ ಉಪಗ್ರಹದ ಉಡಾವಣೆಯನ್ನು ಕೊಟ್ಟಿದ್ದಾರೆ. ಭಾರತದ ಮೊದಲ ಉಪಗ್ರಹ ಎಂಬ ಒಂದು ಸಾಲಿಗೆ ನಿಲ್ಲಿಸದೆ, ಸುಮಾರು 360 ಕಿಲೋ ತೂಕದ ಅದು ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ರೂಪುಗೊಂಡಿತು, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರು ಆ ತಂಡವನ್ನು ಮುನ್ನಡೆಸಿದರು, ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಅದು ಮೇಲೇರಿತು ಎಂಬ ವಿವರಗಳನ್ನು ಒಂದಕ್ಕೊಂದು ಹೊಂದಿಸಿ ಹೇಳಿದ್ದಾರೆ. ವಿದ್ಯುತ್ ಪೂರೈಕೆಯ ದೋಷದಿಂದ ನಾಲ್ಕೈದು ದಿನಗಳಲ್ಲಿಯೇ ಅದರ ಪ್ರಯೋಗಗಳು ನಿಂತುಹೋದವು ಎಂಬುದನ್ನೂ ಮರೆಮಾಚಿಲ್ಲ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ಚಿತ್ರ ಈ ಉಪಗ್ರಹದ್ದೇ ಎಂಬ ಕೊನೆಯ ಸಾಲು ಇಡೀ ಚೌಕವನ್ನು ಮನೆಯೊಳಗೆ ತಂದುಬಿಡುತ್ತದೆ, ಏಕೆಂದರೆ ಆ ನೋಟನ್ನು ಕೈಯಲ್ಲಿ ಹಿಡಿದ ತಾತಂದಿರು ಇನ್ನೂ ಎಲ್ಲ ಮನೆಗಳಲ್ಲಿಯೂ ಇದ್ದಾರೆ ಮತ್ತು ಮೊಮ್ಮಕ್ಕಳಿಗೆ ಉಳಿದದ್ದನ್ನು ಅವರೇ ಹೇಳಬಲ್ಲರು. ಘಟನೆ, ಅದಕ್ಕೆ ಕಾರಣರಾದವರು, ಅದರಿಂದ ಏನಾಯಿತು, ನಮಗೂ ಅದಕ್ಕೂ ಏನು ನಂಟು ಎಂಬ ನಾಲ್ಕೂ ಎಂಟು ಸಾಲುಗಳಲ್ಲಿ ಬಂದಿವೆ. ಉಳಿದ ಆರು ದಿನಗಳನ್ನು ನಾನು ಈ ಚೌಕದ ಪಕ್ಕದಲ್ಲಿಟ್ಟೇ ನೋಡಿದ್ದೇನೆ.

20ರ ಚೌಕ ಸಪ್ಪೆ. ಮೆಕ್ಸಿಕೋ ಕೊಲ್ಲಿಯಲ್ಲಿ 2010ರಲ್ಲಿ ಡೀಪ್‌ವಾಟರ್ ಹೊರೈಜನ್ ತೈಲ ಬಾವಿಯ ವೇದಿಕೆ ಸ್ಫೋಟಗೊಂಡು 11 ಜನ ಸತ್ತದ್ದನ್ನು ಒಂದು ಸಾಲಿನಲ್ಲಿಯೂ, 1972ರಲ್ಲಿ ಅಪೊಲೊ 16ರ ಯಾತ್ರಿಗಳು ಚಂದ್ರನ ಮೇಲೆ ಇಳಿದದ್ದನ್ನು ಇನ್ನೊಂದು ಸಾಲಿನಲ್ಲಿಯೂ ಹೇಳಿ ಮುಗಿಸಿದ್ದಾರೆ. ಇಳಿದದ್ದು ಅಮೆರಿಕದ ಗಡಿಯಾರದಲ್ಲಿ 20ರ ರಾತ್ರಿ. ಅದೇ ಗಳಿಗೆಯಲ್ಲಿ ಭಾರತದಲ್ಲಿ 21ರ ಬೆಳಿಗ್ಗೆ ಎಂಟು ಗಂಟೆಯಾಗುತ್ತಿತ್ತು. ಕನ್ನಡದ ಮನೆಗೆಂದು ಮುದ್ರಿಸಿದ ಹಾಳೆಯಲ್ಲಿ ಇದನ್ನು ಯಾವ ದಿನಕ್ಕೆ ಹಾಕಬೇಕೆಂದು ಯೋಚಿಸಿದ ಗುರುತು ಕಾಣುವುದಿಲ್ಲ.

ದಿನಾಂಕದ ಈ ಪ್ರಶ್ನೆ 21 ಮತ್ತು 23ರ ಚೌಕಗಳಲ್ಲಿ ಇನ್ನೂ ದೊಡ್ಡದಾಗುತ್ತದೆ. 1526ರ ಏಪ್ರಿಲ್ 21ರಂದು ನಡೆದ ಮೊದಲನೆಯ ಪಾಣಿಪತ್ ಯುದ್ಧಕ್ಕೆ ಈ ವರ್ಷ ಸರಿಯಾಗಿ 500 ವರ್ಷ ತುಂಬುತ್ತದೆ, ಅದನ್ನು ಕೆಂಪು ಅಕ್ಷರದಲ್ಲಿ ಎತ್ತಿ ತೋರಿಸಿರುವುದು ಸಂಪಾದಕರ ಎಚ್ಚರಕ್ಕೆ ಸಾಕ್ಷಿ. ಬಾಬರನ ಸೈನ್ಯ ಚಿಕ್ಕದು, ಇಬ್ರಾಹಿಂ ಲೋದಿಯ ಸೈನ್ಯ ದೊಡ್ಡದು, ಆದರೂ ಲೋದಿ ರಣರಂಗದಲ್ಲಿಯೇ ಸತ್ತನು ಎಂದು ಬರೆದಿದ್ದಾರೆ; ಹೇಗೆ ಎಂಬುದಕ್ಕೆ ಫಿರಂಗಿ ಎಂಬ ಒಂದು ಪದವನ್ನಷ್ಟೇ ಇಟ್ಟಿದ್ದಾರೆ. ಚರ್ಮದ ಹಗ್ಗಗಳಿಂದ ಗಾಡಿಗಳನ್ನು ಸಾಲಾಗಿ ಬಿಗಿದು, ಅವುಗಳ ಮರೆಯಲ್ಲಿ ಕೋವಿಯವರನ್ನು ನಿಲ್ಲಿಸಿ, ಎರಡೂ ಪಕ್ಕಗಳಿಂದ ಕುದುರೆ ಸವಾರರು ಸುತ್ತುಗಟ್ಟುವ ಆ ವ್ಯೂಹವನ್ನು ಎರಡು ಸಾಲಿನಲ್ಲಿ ವಿವರಿಸಿದ್ದರೆ ಎಂಟನೇ ತರಗತಿಯ ಹುಡುಗನಿಗೂ ಯುದ್ಧ ಕಣ್ಣಿಗೆ ಕಟ್ಟುತ್ತಿತ್ತು. ದಿನಾಂಕದ ಮಾತಿಗೆ ಬಂದರೆ, 1526ರಲ್ಲಿ ಇಂದಿನ ಗ್ರೆಗೋರಿಯನ್ ಪಂಚಾಂಗವೇ ಹುಟ್ಟಿರಲಿಲ್ಲ. ಅದು ಜಾರಿಗೆ ಬಂದದ್ದು 1582ರಲ್ಲಿ. ಏಪ್ರಿಲ್ 21 ಎಂಬುದು ಹಳೆಯ ಜೂಲಿಯನ್ ಲೆಕ್ಕ, ಇಂದಿನ ಲೆಕ್ಕಕ್ಕೆ ತಂದರೆ ಅದು ಮೇ 1 ಆಗುತ್ತದೆ. 500 ವರ್ಷವೆಂದು ಕೆಂಪಕ್ಷರದಲ್ಲಿ ಹಾಕುವಾಗ ಈ ಮಾತು ಜೊತೆಗಿರಬೇಕಿತ್ತು.

ಅದೇ ದಿನ 1947ರಲ್ಲಿ ಸರ್ದಾರ್ ಪಟೇಲರು ದೆಹಲಿಯ ಮೆಟ್‌ಕಾಫ್ ಹೌಸ್‌ನಲ್ಲಿ ತರಬೇತಿಯಲ್ಲಿದ್ದ ಆಡಳಿತ ಸೇವೆಯ ಅಧಿಕಾರಿಗಳನ್ನು ಉದ್ದೇಶಿಸಿ ಮಾತನಾಡಿದ್ದು, ಅದರಿಂದ ಆ ದಿನ ನಾಗರಿಕ ಸೇವಾ ದಿನವಾದದ್ದು ಸರಿಯಾಗಿ ಬಂದಿದೆ.

22ರ ಚೌಕದಲ್ಲಿ 1970ರ ಮೊದಲ ಭೂ ದಿನ ಮತ್ತು 2016ರ ಪ್ಯಾರಿಸ್ ಹವಾಮಾನ ಒಪ್ಪಂದದ ಸಹಿ ಇವೆ. ಅಮೆರಿಕದಲ್ಲಿ ಸುಮಾರು 2 ಕೋಟಿ ಜನ ಬೀದಿಗೆ ಬಂದ ಆ ದಿನಕ್ಕೆ ಪ್ರೇರಣೆಯಾದದ್ದು 1969ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಕಡಲಲ್ಲಿ ಚೆಲ್ಲಿದ ಕಚ್ಚಾ ತೈಲ. ಎರಡೇ ಚೌಕಗಳ ಹಿಂದೆ ತೈಲದ ಮತ್ತೊಂದು ದುರಂತವನ್ನು ಕೊಟ್ಟಿರುವ ಹಾಳೆ ಇವೆರಡನ್ನೂ ಒಂದು ಗೆರೆಯಿಂದ ಜೋಡಿಸಬಹುದಿತ್ತು. ಕಳೆದ ವರ್ಷದ ಪಹಲ್ಗಾಮ್ ದಾಳಿಯನ್ನೂ ಇದೇ ಚೌಕದಲ್ಲಿ ಸೇರಿಸಿದ್ದಾರೆ; 26 ಜೀವಗಳ ಸಾವನ್ನು ವಿಶೇಷಣಗಳ ಅಬ್ಬರವಿಲ್ಲದೆ ಎರಡು ಸಾಲಿನಲ್ಲಿ ಹೇಳಿರುವ ಸಂಯಮ ನನಗೆ ಹಿಡಿಸಿತು.

23, ವಿಶ್ವ ಪುಸ್ತಕ ದಿನ. ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟಿಸ್ ಇಬ್ಬರೂ 1616ರ ಇದೇ ದಿನ ತೀರಿಕೊಂಡರು ಎಂದು ಬರೆದಿದ್ದಾರೆ. ಇದು ಬಹಳ ಕಡೆ ಕಾಣಿಸುವ ಮಾತೇ ಆದರೂ ನಿಜವಲ್ಲ. ಆಗ ಸ್ಪೇನ್ ಹೊಸ ಪಂಚಾಂಗಕ್ಕೆ ಬಂದಿತ್ತು, ಇಂಗ್ಲೆಂಡ್ ಹಳೆಯದರಲ್ಲಿಯೇ ಇತ್ತು. ಆದ್ದರಿಂದ ಎರಡೂ ದೇಶಗಳ ಏಪ್ರಿಲ್ 23ರ ನಡುವೆ ಹತ್ತು ದಿನಗಳ ಅಂತರವಿತ್ತು. ಅದೂ ಅಲ್ಲದೆ ಸರ್ವಾಂಟಿಸ್ ಸತ್ತದ್ದು 22ರಂದು, 23 ಸಮಾಧಿಯಾದ ದಿನ. ಹಿಂದಿನ ಚೌಕದಲ್ಲಿ ಪಂಚಾಂಗದ ಬದಲಾವಣೆಯನ್ನು ವಿವರಿಸಿದ್ದರೆ ಈ ತಪ್ಪು ತಾನಾಗಿಯೇ ತಪ್ಪುತ್ತಿತ್ತು. ಹೀಗಿದ್ದರೂ ಈ ಚೌಕಕ್ಕಾಗಿ ಸಂಪಾದಕರಿಗೆ ಕೃತಜ್ಞತೆ ಹೇಳಲೇಬೇಕು, ಏಕೆಂದರೆ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿ, ಸಂಸ್ಕೃತದ ಪಾಂಡಿತ್ಯಕ್ಕಾಗಿ ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತಾ ಎಂಬ ಬಿರುದು ಪಡೆದು, ವಿಧವೆಯರಿಗಾಗಿ ಶಾಲೆ ಕಟ್ಟಿದ ಪಂಡಿತಾ ರಮಾಬಾಯಿ ಅವರ ಜನ್ಮದಿನ ಇಲ್ಲಿದೆ. ನಾನು ನೋಡಿರುವ ಬೇರೆ ಯಾವ ಕ್ಯಾಲೆಂಡರಿನಲ್ಲಿಯೂ ಅವರ ಹೆಸರು ಈ ದಿನಕ್ಕೆ ಬಂದಿರಲಿಲ್ಲ.

24ರ ಚೌಕ ಈ ಹಾಳೆಯಲ್ಲಿ ಅತ್ಯಂತ ಇಕ್ಕಟ್ಟಾದದ್ದು. ದೊಡ್ಡಗಾಜನೂರಿನಲ್ಲಿ 1929ರಲ್ಲಿ ರಾಜಕುಮಾರ್ ಹುಟ್ಟಿದ ದಿನ ಅದು, ಕನ್ನಡದ ಕ್ಯಾಲೆಂಡರಿನಲ್ಲಿ ಅದಕ್ಕೆ ಜಾಗ ಇರಲೇಬೇಕು. ಸಚಿನ್ ತೆಂಡೂಲ್ಕರ್ ಹುಟ್ಟಿದ್ದೂ 1973ರ ಅದೇ ದಿನ. ಇಬ್ಬರ ಚಿತ್ರಗಳಿಗೆ ಅರ್ಧ ಚೌಕ ಹೋಗಿ, ಉಳಿದರ್ಧದಲ್ಲಿ ಗಣರಾಜ್ಯದ ಇತಿಹಾಸದ ಎರಡು ದೊಡ್ಡ ಸಂಗತಿಗಳನ್ನು ತುರುಕಿದ್ದಾರೆ. ಸಚಿನ್ ಹುಟ್ಟಿದ ದಿನವೇ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 7ಕ್ಕೆ 6ರ ಬಹುಮತದಿಂದ ಹೇಳಿದ ಆ ತೀರ್ಪಿನ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಕೇರಳದ ಭೂ ಸುಧಾರಣೆಯಿಂದ ಮಠದ ಜಮೀನು ಹೋಗುತ್ತದೆಂದು ನ್ಯಾಯಾಲಯಕ್ಕೆ ಹೋದವರಿಗೆ ಆ ಜಮೀನಿನ ವಿಷಯದಲ್ಲಿ ಪರಿಹಾರ ಸಿಗಲಿಲ್ಲ, ಆದರೆ ಅವರ ಹೆಸರಿನ ತೀರ್ಪು ದೇಶದ ಪ್ರತಿ ಪ್ರಜೆಗೂ ರಕ್ಷಣೆಯಾಯಿತು. ವಾದ 68 ದಿನ ನಡೆಯಿತು. ತೀರ್ಪಿನ ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾದರು; ಆ ಸ್ಥಾನಕ್ಕೆ ಮೂವರು ಹಿರಿಯರನ್ನು ಹಿಂದಿಕ್ಕಿ ಎ.ಎನ್. ರಾಯ್ ಅವರನ್ನು ನೇಮಿಸಿದಾಗ ರಾಜೀನಾಮೆ ಕೊಟ್ಟ ಆ ಮೂವರಲ್ಲಿ ಒಬ್ಬರು ನಮ್ಮ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಎಡನೀರು ಮತ್ತು ಹೆಗ್ಡೆ ಎಂಬ ಎರಡು ಹೆಸರುಗಳಿಂದ ಈ ತೀರ್ಪು ಕನ್ನಡ ನಾಡಿಗೆ ಎಷ್ಟು ಹತ್ತಿರದ್ದು ಎಂಬುದು ಗೊತ್ತಾಗುತ್ತದೆ. ಚೌಕದಲ್ಲಿ ಇರುವುದು ಪ್ರಕರಣದ ಹೆಸರು ಮತ್ತು ವರ್ಷ ಮಾತ್ರ.

ಎರಡನೆಯ ಸಂಗತಿ ಪಂಚಾಯತ್ ರಾಜ್ ದಿನ. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ಅದರಿಂದ ಮಹಿಳೆಯರಿಗೆ ಮೂರನೇ ಒಂದು ಭಾಗದಷ್ಟು ಸ್ಥಾನಗಳು ಮೀಸಲಾದವು ಎಂದು ಬರೆದು ಕೈಬಿಟ್ಟಿದ್ದಾರೆ. ಅದಕ್ಕೂ ಹತ್ತು ವರ್ಷ ಮೊದಲೇ, 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದು, ಮಹಿಳೆಯರಿಗೆ ಶೇಕಡಾ 25 ಮೀಸಲಾತಿ ಕೊಟ್ಟು, ದೇಶಕ್ಕೇ ದಾರಿ ತೋರಿಸಿದ್ದು ಕರ್ನಾಟಕ. ಬರದ ನಾಡಿನ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎನಿಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಈ ದಿನ ಬಿಟ್ಟುಬಿಟ್ಟರೆ, ನೀರಿಗಾಗಿ ಸಾವಿರಾರು ಅಡಿ ಕೊರೆಯುತ್ತಿರುವ ನಮ್ಮ ಜಿಲ್ಲೆಯ ಓದುಗನಿಗೆ ಆ ತಿದ್ದುಪಡಿ ದೆಹಲಿಯಲ್ಲಿ ನಡೆದ ಯಾವುದೋ ಕಾಗದದ ಕೆಲಸವಾಗಿಯೇ ಉಳಿಯುತ್ತದೆ.

ಈಗ 25ರ ಚೌಕ. ಹಾಳೆಯ ಬಲ ಅಂಚಿನಲ್ಲಿರುವ ಈ ಚೌಕದ ಹಿನ್ನೆಲೆಗೆ ತಿಳಿ ಹಸಿರು ಬಣ್ಣ ಕೊಟ್ಟು, ಅಶ್ವತ್ಥದ ಎಲೆಯ ಒಂದು ಗೆರೆಚಿತ್ರ ಹಾಕಿದ್ದಾರೆ. ಮೇಲಿನ ಮೂರು ಸಾಲುಗಳಲ್ಲಿ ವಿದುರಾಶ್ವತ್ಥ. ಕೆಳಗೆ ಮೊದಲ ಮಹಾಯುದ್ಧದ 1915ರ ಗಲಿಪೊಲಿ ಕಾಳಗ, 1953ರಲ್ಲಿ ಡಿಎನ್‌ಎ ರಚನೆಯ ಲೇಖನ ಪ್ರಕಟವಾದದ್ದು, 2015ರ ನೇಪಾಳದ ಭೂಕಂಪ. ವಿದುರಾಶ್ವತ್ಥವನ್ನು ಮೇಲಿಟ್ಟಿರುವುದು ಸರಿಯಾದ ತೀರ್ಮಾನ. ಆದರೆ ಆ ಮೂರು ಸಾಲುಗಳು 1938ರಲ್ಲಿ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಹೋದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, 32 ಜನ ಹುತಾತ್ಮರಾದರು, ಇದು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದಷ್ಟೇ ಹೇಳುತ್ತವೆ.

ಇದರಲ್ಲಿ ಕಾಣೆಯಾಗಿರುವುದು ಕಾರಣ. ಯಾವ ಧ್ವಜ, ಯಾರ ಪೊಲೀಸರು, ಅಂದು ಅಷ್ಟು ಜನ ಅಲ್ಲಿ ಏಕೆ ಇದ್ದರು ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲ. ಓದಿದ ಮಗು ಬ್ರಿಟಿಷ್ ಪೊಲೀಸರು ಎಂದೇ ತಿಳಿಯುತ್ತದೆ. ನನ್ನ ತರಗತಿಯಲ್ಲಿ ಕೇಳಿದಾಗಲೆಲ್ಲ ಬರುವ ಉತ್ತರವೂ ಅದೇ. ಆದರೆ ಗೌರಿಬಿದನೂರು ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು, ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್, ಗುಂಡು ಹಾರಿಸಿದ್ದು ಸಂಸ್ಥಾನದ ಪೊಲೀಸರು. ಅದೇ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯ ಅವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ನಿಷೇಧವನ್ನು ಮೀರಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಹಾರಿಸಿದ ಬೆನ್ನಿಗೇ ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತ್ತು. ಉತ್ತರ ಪಿನಾಕಿನಿಯ ದಡದಲ್ಲಿ, ವಿದುರ ನೆಟ್ಟನೆಂದು ಜನ ನಂಬಿದ ಅಶ್ವತ್ಥದ ಬುಡದಲ್ಲಿ ಸಾವಿರಾರು ನಾಗರಕಲ್ಲುಗಳಿರುವ ಆ ಕ್ಷೇತ್ರಕ್ಕೆ ಜಾತ್ರೆಯ ಸಮಯದಲ್ಲಿ ಸುತ್ತಲ ಹಳ್ಳಿಗಳ ಜನ, ಹೆಂಗಸರು ಮಕ್ಕಳ ಸಮೇತ, ಬಂದು ಸೇರುತ್ತಿದ್ದರು. ಸಭೆಗೂ ಧ್ವಜಾರೋಹಣಕ್ಕೂ ನಿಷೇಧವಿದ್ದ ಆ ಸೋಮವಾರ ಜಾತ್ರೆಗೆ ಬಂದವರೂ ಸತ್ಯಾಗ್ರಹಕ್ಕೆ ಬಂದವರೂ ಒಂದೇ ಗುಂಪಾಗಿದ್ದರು ಎಂಬುದನ್ನು ತಿಳಿದಾಗಲೇ ಗುಂಡಿನ ಕ್ರೌರ್ಯ ಎಷ್ಟೆಂಬುದು ಅರ್ಥವಾಗುತ್ತದೆ.

ಸತ್ತವರ ಸಂಖ್ಯೆಯ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 32 ಎಂಬುದು ಹೋರಾಟಗಾರರ ಕಡೆಯಿಂದ ಬಂದ ಲೆಕ್ಕ. ಸರ್ಕಾರ ಒಪ್ಪಿಕೊಂಡದ್ದು ಹತ್ತು. ಎರಡೂ ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಬೇಕು. ಹಾಗೆ ಮಾಡಿದರೆ ಹುತಾತ್ಮರಿಗೆ ಕಡಿಮೆ ಗೌರವ ತೋರಿಸಿದಂತೆ ಆಗುವುದಿಲ್ಲ; ಅಧಿಕಾರದಲ್ಲಿದ್ದವರು ಹೆಣಗಳನ್ನು ಹೇಗೆ ಎಣಿಸಿದರು ಎಂಬುದೂ ಆ ಘಟನೆಯ ಇತಿಹಾಸದ ಭಾಗವೇ ಆಗಿದೆ.

ಅನಂತರ ನಡೆದದ್ದಕ್ಕೂ ಈ ಚೌಕದಲ್ಲಿ ಜಾಗವಿಲ್ಲ. ಸುದ್ದಿ ದೇಶಕ್ಕೆಲ್ಲ ಹಬ್ಬಿ, ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದು, ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ಸಿಕ್ಕಿತು. ಯಾವುದಕ್ಕಾಗಿ ಜನ ಪ್ರಾಣ ಕೊಟ್ಟರೋ ಅದು ಕೆಲವೇ ವಾರಗಳಲ್ಲಿ ದೊರೆಯಿತು ಎಂಬ ಈ ಸಾಲನ್ನು ಬಿಟ್ಟರೆ ವಿದುರಾಶ್ವತ್ಥ ಬರೀ ಶೋಕದ ಕಥೆಯಾಗುತ್ತದೆ, ಗೆಲುವಿನ ಕಥೆಯಾಗುವುದಿಲ್ಲ. ಇನ್ನೊಂದು ಸಣ್ಣ ತಿದ್ದುಪಡಿ: ಕೋಲಾರ ಜಿಲ್ಲೆ ಎಂಬುದು ಅಂದಿನ ಮಟ್ಟಿಗೆ ಸರಿ, ಆದರೆ 2007ರಿಂದ ಗೌರಿಬಿದನೂರು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಅಲ್ಲಿ ಹುತಾತ್ಮರ ಸ್ಮಾರಕವೂ, ಸ್ವಾತಂತ್ರ್ಯ ಹೋರಾಟದ ಚಿತ್ರಗಳಿರುವ ವೀರಸೌಧವೂ ಇವೆ. ಗೌರಿಬಿದನೂರಿನಿಂದ ಆರೇಳು ಕಿಲೋಮೀಟರ್ ದೂರ, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ ಎಂಬ ಒಂದು ಸಾಲನ್ನು ಇಲ್ಲಿ ಸೇರಿಸಿದ್ದರೆ ಈ ಕ್ಯಾಲೆಂಡರಿಗೆ ಅದಕ್ಕಿಂತ ಒಳ್ಳೆಯ ಉಪಯೋಗ ಇರುತ್ತಿರಲಿಲ್ಲ.

ಹೊರರೂಪದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕಾಗದ ದಪ್ಪವಾಗಿದೆ, ಹಾಲಿನ ಲೆಕ್ಕ ಬರೆದ ಶಾಯಿ ಹಿಂದಿನ ಪುಟಕ್ಕೆ ಇಳಿಯುವುದಿಲ್ಲ. ಸುರುಳಿ ತಂತಿ ಗಟ್ಟಿಯಿದ್ದು ಹಾಳೆಗಳು ಹರಿಯದೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಕಳೆದ ವಾರಗಳನ್ನು ಹರಿದು ಎಸೆಯಬೇಕಿಲ್ಲದಿರುವುದು ಓದುವ ಕ್ಯಾಲೆಂಡರಿಗೆ ತಕ್ಕ ವ್ಯವಸ್ಥೆ. ಅಕ್ಷರದ ಗಾತ್ರ ಮಾತ್ರ ಸಾಲದು. ದಿನಾಂಕದ ಅಂಕಿ ಬಾಗಿಲಿನಿಂದಲೇ ಕಾಣುತ್ತದೆ, ಘಟನೆಗಳನ್ನು ಓದಲು ಕನ್ನಡಕವಿದ್ದವರೂ ಗೋಡೆಗೆ ಮುಖವೊಡ್ಡಿ ನಿಲ್ಲಬೇಕು, ಚಿಕ್ಕ ಮಕ್ಕಳಿಗಂತೂ ಮೊಳೆಯ ಎತ್ತರವೇ ಅಡ್ಡಿ. ಮಕ್ಕಳ ಕಣ್ಣಿನ ಮಟ್ಟಕ್ಕೆ ತೂಗುಹಾಕಿದರೆ ಪಂಚಾಂಗ ನೋಡುವ ಹಿರಿಯರು ಬಗ್ಗಬೇಕಾಗುತ್ತದೆ. ರಾಹುಕಾಲದ ಸಾಲು ಪ್ರತಿ ವಾರವೂ ಒಂದೇ ಆಗಿರುವುದರಿಂದ ಅದನ್ನು ಪ್ರತಿ ಹಾಳೆಯಲ್ಲಿಯೂ ಮುದ್ರಿಸದೆ ಹಿಂಬದಿಗೆ ಹಾಕಿದರೆ ಘಟನೆಗಳಿಗೆ ಎರಡು ಸಾಲು ಹೆಚ್ಚಿಗೆ ಸಿಗುತ್ತದೆ. ವಿದುರಾಶ್ವತ್ಥದ ಕಾರಣವನ್ನು ಹೇಳಲು ಬೇಕಿದ್ದದ್ದೂ ಅಷ್ಟೇ ಜಾಗ.

ನನ್ನ ಶಿಫಾರಸು ಇದು. ಪ್ರೌಢಶಾಲೆಗೆ ಹೋಗುವ ಮಕ್ಕಳಿರುವ ಮನೆಯವರು, ಗ್ರಂಥಾಲಯ ನಡೆಸುವ ಗ್ರಾಮ ಪಂಚಾಯಿತಿಗಳು 240 ರೂಪಾಯಿ ಕೊಟ್ಟು ಇದನ್ನು ಧೈರ್ಯವಾಗಿ ಕೊಳ್ಳಬಹುದು, ಆರ್ಯಭಟ ಮತ್ತು ಪಂಡಿತಾ ರಮಾಬಾಯಿಯ ಚೌಕಗಳಂಥವು ಇದರಲ್ಲಿ ಇನ್ನೂ ಹಲವಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮಾತ್ರ ಇದನ್ನೊಂದನ್ನೇ ನಂಬಬಾರದು, 1582ಕ್ಕಿಂತ ಹಿಂದಿನ ದಿನಾಂಕಗಳನ್ನಂತೂ ಪಠ್ಯಪುಸ್ತಕದೊಂದಿಗೆ ಹೋಲಿಸಿ ನೋಡಿಕೊಳ್ಳಬೇಕು. 2027ರ ಹಾಳೆಗಳಿಗೆ ಓದುಗರಿಂದ ತಿದ್ದುಪಡಿಗಳನ್ನು ಕಳುಹಿಸಲು ಕೊನೆಯ ಪುಟದಲ್ಲಿ ವಿಳಾಸ ಕೊಟ್ಟಿದ್ದಾರೆ; ಏಪ್ರಿಲ್ 25ರ ಚೌಕಕ್ಕೆ ಹತ್ತು ಸಾಲಿನ ಹೊಸ ಬರಹವೊಂದನ್ನು, ಎರಡೂ ಸಂಖ್ಯೆಗಳ ಸಮೇತ, ನಾನು ಕಳುಹಿಸಿದ್ದೇನೆ. ಅಂಗಡಿಯಲ್ಲಿ ಕೊಳ್ಳುವವರು ಎರಡನೇ ಮುದ್ರಣವನ್ನೇ ಕೇಳಿ ಪಡೆಯುವುದು ಒಳಿತು, ಮೊದಲ ಮುದ್ರಣದಲ್ಲಿ ಅಕ್ಟೋಬರ್‌ನ ಎರಡು ಹಾಳೆಗಳು ಅದಲುಬದಲಾಗಿವೆ.